ಟೈರಾಚಾರ್ಯರ ಚಳಿಗಾಲ

ಸ್ಟುಟ್‌ಗಾರ್ಟ್‌ನಲ್ಲಿ ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ, ಮರದ ಎಲೆ ಹಳದಿಯಾಗುವ ಮೊದಲೇ, ಟೈರಾಚಾರ್ಯರ ಮುಖ ಬಿಗಿಯುತ್ತದೆ. ಕಚೇರಿಯ ಕ್ಯಾಂಟೀನಿನಲ್ಲಿ ತಟ್ಟೆ ಮುಂದಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಾ "ಬೆಳಿಗ್ಗೆ ಒಂಬತ್ತು ಡಿಗ್ರಿ ಇತ್ತು" ಎನ್ನುತ್ತಾರೆ. ಹೊಸಬರಾದರೆ "ಹೌದು ಸಾರ್, ಸ್ವೆಟರ್ ಹೊರಗೆ ತೆಗೀಬೇಕು" ಎಂದು ಮಾತಿಗೆ ಸಿಕ್ಕಿಬೀಳುತ್ತಾರೆ. ಹಳಬರು ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋಗುತ್ತಾರೆ. ಒಂಬತ್ತಾದ ಮೇಲೆ ಎಂಟು, ಎಂಟಾದ ಮೇಲೆ ಏಳು ಎಂಬುದು ಹಳಬರಿಗೆ ಗೊತ್ತು. ಏಳು ಡಿಗ್ರಿಗಿಂತ ಕೆಳಗಿಳಿದರೆ ಬೇಸಿಗೆ ಟೈರಿನ ರಬ್ಬರು ಗಡುಸಾಗುತ್ತದೆ, ರಸ್ತೆಯ ಹಿಡಿತ ಸಡಿಲವಾಗುತ್ತದೆ, ಆಚಾರ್ಯರ ಬಾಯಿ ತೆರೆಯುತ್ತದೆ.

ಟೈರಾಚಾರ್ಯರು ಒಬ್ಬ ವ್ಯಕ್ತಿಯಲ್ಲ, ಒಂದು ಪಂಗಡ. ಬಾಷ್ ಕಂಪನಿಯ ಆಡುಗೋಡಿಯಿಂದ ಗೆರ್ಲಿಂಗನ್‌ಗೆ, ಮರ್ಸಿಡಿಸ್‌ನವರ ವೈಟ್‌ಫೀಲ್ಡಿನಿಂದ ಸಿಂಡೆಲ್‌ಫಿಂಗನ್‌ಗೆ ಬಂದಿಳಿದ ಕನ್ನಡಿಗರಲ್ಲಿ ಗುಂಪಿಗೆ ಒಬ್ಬರಾದರೂ ಸಿಗುತ್ತಾರೆ. ವಯಸ್ಸು ನಲವತ್ತರ ಆಸುಪಾಸು. ಮನೆಯ ಸಾಲ ಅರ್ಧ ತೀರಿದೆ. ಮಗಳು ಮನೆಯಲ್ಲೂ ಜರ್ಮನ್‌ನಲ್ಲೇ ಜಗಳವಾಡುತ್ತಾಳೆ. ಹೆಂಡತಿಗೆಂದು ಒಂದು ಸ್ಕೋಡಾ, ತನಗೆಂದು ಸೆಕೆಂಡ್ ಹ್ಯಾಂಡ್ ಪೋರ್ಷೆ 718 ಕೇಮನ್. 300 ಅಶ್ವಶಕ್ತಿ, ಗಂಟೆಗೆ 275 ಕಿಲೋಮೀಟರ್. ಅದು ಹೆಚ್ಚಾಗಿ ಹೋಗುವುದು ಭಾನುವಾರ ಬೆಳಿಗ್ಗೆ ಬ್ರೆಡ್ ತರಲು. ಬೇಕರಿ ಇರುವ ರಸ್ತೆಯಲ್ಲಿ ವೇಗದ ಮಿತಿ ಮೂವತ್ತು.

ಕಾರನ್ನು ಕೊಂಡಿದ್ದು ಯಾಕೆ ಎಂದು ಕೇಳಿದರೆ ಆಚಾರ್ಯರು ನಗುತ್ತಾರೆ. ಅದಕ್ಕೆ ಚಳಿಗಾಲದ ಟೈರು ಯಾವುದು ಎಂದು ಕೇಳಿದರೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ.

ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುವುದೆಲ್ಲ ಅವರಿಗೆ ಜಾತಕ. ಮುಂದಕ್ಕೆ 235/45 ಆರ್ 18, ಹಿಂದಕ್ಕೆ 265/45 ಆರ್ 18. ಕೇಮನ್‌ನ ಎಂಜಿನ್ ಇರುವುದು ಸೀಟಿನ ಬೆನ್ನ ಹಿಂದೆ, ಕಾರನ್ನು ನೂಕುವುದು ಹಿಂದಿನ ಚಕ್ರಗಳು, ಅದಕ್ಕೇ ಹಿಂದಿನವು ದಪ್ಪ. ಡಾಟ್ ಎಂಬ ಗುರುತಿನ ಕೊನೆಯ ನಾಲ್ಕು ಅಂಕಿ ಜನ್ಮಕಾಲ: 3624 ಅಂದರೆ 2024ನೇ ಇಸವಿಯ 36ನೇ ವಾರದ ಕೂಸು. ಆಮೇಲೆ ಗೋತ್ರ. ಪೋರ್ಷೆಯವರು ತಮ್ಮ ಕಾರಿಗೆ ಹಚ್ಚಿ ನೋಡಿ ಒಪ್ಪಿದ ಟೈರಿಗೆ ಎನ್-0 ಎಂಬ ಮುದ್ರೆ ಬೀಳುತ್ತದೆ. ಅದನ್ನೇ ತಿದ್ದಿ ತಂದರೆ ಎನ್-1. ಮುಂದೆ ಎನ್-0, ಹಿಂದೆ ಎನ್-1 ಹಾಕುವಂತಿಲ್ಲ. "ನಮ್ಮಲ್ಲಿ ಸಗೋತ್ರ ಕೂಡದು, ಇಲ್ಲಿ ಸಗೋತ್ರವೇ ಆಗಬೇಕು" ಎಂದು ಆಚಾರ್ಯರು ಪ್ರತಿ ವರ್ಷ ಹೇಳುತ್ತಾರೆ, ಪ್ರತಿ ವರ್ಷ ತಾವೊಬ್ಬರೇ ನಗುತ್ತಾರೆ.

ವೇಗದ ದರ್ಜೆಯದು ಇನ್ನೊಂದು ಕಥೆ. ಎಚ್ ಅಂದರೆ 210ರವರೆಗೆ, ವಿ ಅಂದರೆ 240, ಡಬ್ಲ್ಯು ಅಂದರೆ 270. ಕಾರಿನ ವೇಗಕ್ಕಿಂತ ಕಡಿಮೆ ದರ್ಜೆಯ ಚಳಿಗಾಲದ ಟೈರನ್ನು ಜರ್ಮನಿಯಲ್ಲಿ ಹಾಕಬಹುದು, ಆದರೆ ಟೈರಿನ ಮಿತಿಯನ್ನು ಬರೆದ ಚೀಟಿ ಚಾಲಕನ ಕಣ್ಣಿಗೆ ಬೀಳುವಂತೆ ಅಂಟಿಸಿರಬೇಕು. ಆಚಾರ್ಯರು ಎರಡು ವಾರ ವಿ-ಡಬ್ಲ್ಯು ನಡುವೆ ತೂಗಿ ವಿ ಆರಿಸುತ್ತಾರೆ. ತಾಂತ್ರಿಕ ಕಾರಣಗಳು ಬಹಳ ಇವೆ ಎನ್ನುತ್ತಾರೆ. ನನಗೆ ತೋರುವ ಕಾರಣ ಒಂದೇ: ಆ ಚೀಟಿಯ ಮೇಲೆ ಬರುವ ಅಂಕಿ. ಡ್ಯಾಶ್‌ಬೋರ್ಡಿನ ಮೇಲೆ "240" ಎಂದು ಅಂಟಿಸಿಕೊಂಡು, ಪಕ್ಕದಲ್ಲಿ ಕೂತವರು ಅದೇನೆಂದು ಕೇಳುವವರೆಗೂ ಕಾಯುತ್ತಾರೆ. ಕೇಳಿದ ಮೇಲೆ ನಿಟ್ಟುಸಿರು ಬಿಟ್ಟು "ಏನ್ಮಾಡೋದು, ಚಳಿಗಾಲದಲ್ಲಿ ಇಷ್ಟಕ್ಕೇ ತೃಪ್ತಿ ಪಡಬೇಕು" ಎನ್ನುತ್ತಾರೆ. ಕಾರು ಆಗ ಕೆಂಪು ದೀಪದ ಮುಂದೆ ನಿಂತಿರುತ್ತದೆ.

ಅಕ್ಟೋಬರಿನಿಂದ ಈಸ್ಟರ್‌ವರೆಗೆ ಚಳಿಗಾಲದ ಟೈರು ಎಂಬುದು ಜರ್ಮನ್ನರ ಬಾಯಿಲೆಕ್ಕ. ಆಚಾರ್ಯರು ನಮ್ಮವರಿಗಾಗಿ ಅದನ್ನು ದಸರೆಯಿಂದ ಯುಗಾದಿಗೆ ಹೊಂದಿಸಿಕೊಟ್ಟಿದ್ದಾರೆ. ಲೆಕ್ಕ ಬಹುಮಟ್ಟಿಗೆ ಸರಿಹೋಗುತ್ತದೆ, ತೊಡಕು ಬರುವುದು ಆಯುಧಪೂಜೆಯಲ್ಲಿ. ಆ ದಿನ ಕಾರಿನ ಕೆಳಗೆ ಇರುವುದು ಇನ್ನೂ ಬೇಸಿಗೆಯ ಟೈರು. ಕೊಂಡು ತಂದ ಚಳಿಗಾಲದ ಟೈರು ನೆಲಮಾಳಿಗೆಯಲ್ಲಿದೆ. ಕುಂಕುಮ ಯಾವುದಕ್ಕೆ? ನಿಂಬೆಹಣ್ಣು ಯಾವುದರ ಕೆಳಗೆ? ಇಡೀ ಚಳಿಗಾಲ ಕಾಪಾಡಬೇಕಾದ್ದು ಒಂದು, ಪೂಜೆ ಮಾಡಿಸಿಕೊಂಡು ಕೆಲವೇ ವಾರಕ್ಕೆ ರಜೆ ಮೇಲೆ ಹೋಗುವುದು ಇನ್ನೊಂದು! ಒಂದು ವರ್ಷ ಆಚಾರ್ಯರು ಹಾಸನದ ತಮ್ಮ ಪುರೋಹಿತರಿಗೇ ವೀಡಿಯೊ ಕಾಲ್ ಹಚ್ಚಿ ವಿವರಿಸಿದರು. ಸಿಲಿಕಾ ಬೆರೆಸಿದ ರಬ್ಬರು, ಅದರ ಮೈಮೇಲಿನ ಸಾವಿರಾರು ಸಣ್ಣ ಸೀಳುಗಳು, ಹಿಮವನ್ನು ಆ ಸೀಳುಗಳು ಕಚ್ಚಿ ಹಿಡಿಯುವ ಬಗೆ, ಎಲ್ಲ ಹೇಳಿದರು. ಪುರೋಹಿತರು ತಾಳ್ಮೆಯಿಂದ ಕೇಳಿ, "ಎಂಟಕ್ಕೂ ಇಡಿ ಸ್ವಾಮಿ, ನಿಂಬೆಹಣ್ಣು ತಾನೆ" ಎಂದರು. ಅಲ್ಲಿಂದ ಮುಂದೆ ನೆಲಮಾಳಿಗೆಯಲ್ಲೂ ನಾಲ್ಕು ನಿಂಬೆಹಣ್ಣು. ಕೆಳಗೆ ಬಟ್ಟೆ ಒಗೆಯಲು ಬಂದ ಪಕ್ಕದ ಮನೆಯ ಜರ್ಮನ್ ಅಜ್ಜಿ ಟೈರಿನ ವಾಸನೆಗೆ ಇಟ್ಟಿದ್ದಾರೆ ಎಂದುಕೊಂಡು ಬಹಳ ಮೆಚ್ಚಿಕೊಂಡರು.

ನವೆಂಬರ್ ಬಂತೆಂದರೆ ರಾಜ್ಯೋತ್ಸವ. ಬಾಡಿಗೆ ಸಭಾಂಗಣ, ಒಳಗೆ ಮಕ್ಕಳ ಕೋಲಾಟ, ಬಿಸಿಬೇಳೆಬಾತಿನ ಸಾಲು. ಆಚಾರ್ಯರು ಒಳಗಿಲ್ಲ. ಜರಿಪಂಚೆ ಎತ್ತಿ ಕಟ್ಟಿ, ಹಳದಿ-ಕೆಂಪು ಶಲ್ಯ ಹೆಗಲಿಗೆ ಎಸೆದುಕೊಂಡು, ಪಾರ್ಕಿಂಗ್ ಜಾಗದಲ್ಲಿ ಯಾರದೋ ಕಾರಿನ ಪಕ್ಕ ಕುಕ್ಕುರುಗಾಲಲ್ಲಿ ಕೂತಿದ್ದಾರೆ. ಕೈಯಲ್ಲಿ ಎರಡು ಯೂರೊ ನಾಣ್ಯ. ಅದರ ಬೆಳ್ಳಿಬಣ್ಣದ ಅಂಚು ಹೆಚ್ಚುಕಡಿಮೆ 4 ಮಿಲಿಮೀಟರ್ ಅಗಲ. ಟೈರಿನ ತೋಡಿಗೆ ನಾಣ್ಯ ತೂರಿಸಿದಾಗ ಅಂಚು ಪೂರ್ತಿ ಮುಳುಗಿದರೆ ಪಾಸು. ಬೆಳ್ಳಿ ಹೊರಗೆ ಇಣುಕಿದರೆ ಫೇಲು. "ಕಾನೂನು 1.6 ಮಿಲಿಮೀಟರ್ ಸಾಕು ಅನ್ನುತ್ತೆ ಆಚಾರ್ಯರೇ" ಎಂದು ಕಾರಿನ ಮಾಲೀಕ ಗೊಣಗಿದರೆ, "ಅದು ಕಾನೂನು. ಹಿಮ ಕಾನೂನು ಓದಿಲ್ಲ. ಆಸ್ಟ್ರಿಯಾಕ್ಕೆ ಹೋಗಿ ನೋಡಿ, ಅಲ್ಲಿ ಚಳಿಗಾಲದ ಟೈರಿಗೆ ಕಾನೂನೇ ನಾಲ್ಕು" ಎಂಬ ಉತ್ತರ. ಹೀಗೆ ಇಡೀ ಸಾಲನ್ನು ಪರೀಕ್ಷಿಸಿ ಒಳಗೆ ಬರುವಷ್ಟರಲ್ಲಿ ಬಾತು ಮುಗಿದಿರುತ್ತದೆ, ನಾಡಗೀತೆಯೂ ಮುಗಿದಿರುತ್ತದೆ. ಫೇಲಾದವರ ಪಟ್ಟಿ ಮಾತ್ರ ಆಚಾರ್ಯರ ಬಾಯಲ್ಲಿ ಉಳಿದಿರುತ್ತದೆ.

ಆಚಾರ್ಯರ ಬಳಿ ಆಡಬಾರದ ಮಾತು ಎರಡಿವೆ. "ನಂದು ಫೋರ್ ವೀಲ್ ಡ್ರೈವ್, ನಂಗೇನು ಭಯ" ಎಂಬುದು ಮೊದಲನೆಯದು. ಇದಕ್ಕೆ ಅವರ ಹತ್ತಿರ ಸಿದ್ಧ ಉತ್ತರ ಇದೆ: "ಹೊರಡೋಕೆ ನಾಲ್ಕು ಚಕ್ರ ನೂಕುತ್ತೆ, ನಿಲ್ಲೋಕೆ ಯಾರು ಬರ್ತಾರೆ?" ಎರಡನೆಯದು "ಆಲ್ ಸೀಸನ್ ಟೈರು ಹಾಕಿಬಿಟ್ಟರೆ ಆಗಲ್ವಾ?" ಇದಕ್ಕೆ ಉತ್ತರವಿಲ್ಲ. ಕನ್ನಡಕ ತೆಗೆದು ಒರೆಸುತ್ತಾರೆ. ಕೇಳಿದವರ ಹೆಂಡತಿ ಮಕ್ಕಳ ಯೋಗಕ್ಷೇಮ ವಿಚಾರಿಸುತ್ತಾರೆ. ಮುಂದಿನ ಹಬ್ಬಕ್ಕೆ ಅವರನ್ನು ಕರೆಯುವುದಿಲ್ಲ.

ಆಚಾರ್ಯರ ಅಪ್ಪ ಊರಿನಿಂದ ಬಂದ ವರ್ಷ ಮಾತ್ರ ಮಗನ ಪಾಂಡಿತ್ಯಕ್ಕೆ ಪೆಟ್ಟು ಬಿತ್ತು. ಅಪ್ಪ ಅಂಬಾಸಿಡರ್ ಓಡಿಸಿದವರು, ಟೈರು ಸವೆದಂತೆ ರೀಟ್ರೆಡ್ ಮಾಡಿಸಿ ಮಾಡಿಸಿ, ಕೊನೆಗೆ ಅದನ್ನು ತೆಂಗಿನ ಮರಕ್ಕೆ ಕಟ್ಟಿ ಮೊಮ್ಮಕ್ಕಳಿಗೆ ಉಯ್ಯಾಲೆ ಮಾಡಿದವರು. ಚಳಿಗೊಂದು ಬಿಸಿಲಿಗೊಂದು ಟೈರು ಎಂಬುದನ್ನೇ ಅವರು ಮೊದಲು ನಂಬಲಿಲ್ಲ. ನಂಬಿದ ಮೇಲೆ ಕೇಳಿದರು:

"ಹಂಗಾರೆ ಆ ಬೇಸಿಗೆ ಟೈರು ಈಗ ಎಲ್ಲಿರ್ತವೆ?"

"ಹೋಟೆಲ್‌ನಲ್ಲಿ ಅಪ್ಪ."

ತಮಾಷೆಯಲ್ಲ. ಟೈರು ಬದಲಿಸುವ ಅಂಗಡಿಗಳೇ ಹಣ ಪಡೆದು ಇನ್ನೊಂದು ಸೆಟ್ಟನ್ನು ತೊಳೆದು, ಹೆಸರು ಬರೆದು, ಕತ್ತಲೆಯ ತಣ್ಣನೆ ಗೋದಾಮಿನಲ್ಲಿ ಇಟ್ಟುಕೊಳ್ಳುತ್ತವೆ. ಜರ್ಮನ್ನರು ಅದನ್ನು ರೈಫನ್‌ಹೋಟೆಲ್, ಟೈರುಗಳ ಹೋಟೆಲ್ ಎಂದೇ ಕರೆಯುವುದು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡು ಕೋಣೆಯ ಆ ಮನೆಯನ್ನು, ಹಾಲ್‌ನಲ್ಲಿ ತಮಗೆ ಹಾಸಿದ್ದ ಸೋಫಾವನ್ನು ಒಮ್ಮೆ ನೋಡಿ, "ಟೈರಿಗೆ ಹೋಟೆಲು" ಎಂದಷ್ಟೇ ಹೇಳಿದರು. ಮರುವರ್ಷದಿಂದ ಟೈರುಗಳು ಹೋಟೆಲ್ ಖಾಲಿ ಮಾಡಿ ನೆಲಮಾಳಿಗೆಗೆ ಬಂದವು. ಅಲ್ಲಿದ್ದ ಸೋನಾಮಸೂರಿ ಅಕ್ಕಿಯ ಚೀಲಗಳು ಅಡುಗೆಮನೆಗೆ ಏರಿದವು, ಆ ವಿಷಯದಲ್ಲಿ ಗಂಡ ಹೆಂಡತಿಯ ಮಾತುಕತೆ ಇನ್ನೂ ನಡೆದಿದೆ. ಯಾವ ಚಕ್ರ ಯಾವ ಕಡೆಯದೆಂದು ಮರೆಯದಿರಲು ಆಚಾರ್ಯರು ಸೀಮೆಸುಣ್ಣದಲ್ಲಿ "ಮು.ಎ.", "ಹಿಂ.ಬ." ಎಂದು ಬರೆದಿಡುತ್ತಾರೆ. ಮುಂದಿನ ಎಡ, ಹಿಂದಿನ ಬಲ. ಅಂಗಡಿಯ ಮೆಕ್ಯಾನಿಕ್ ಆ ಅಕ್ಷರಗಳನ್ನು ತಿರುಗಿಸಿ ಮುರುಗಿಸಿ ನೋಡಿ, ಹೊಸ ಮಾಡೆಲ್ಲೇ ಇರಬೇಕೆಂದು ತನ್ನ ಯಜಮಾನನನ್ನು ಕರೆದ.

ಅಸಲಿಗೆ ಈ ರಾಮಾಯಣವೇ ಬೇಕಾಗಿಲ್ಲ. ಜರ್ಮನಿಯಲ್ಲಿ ಋತುಮಾನದ ನಂಬರ್ ಪ್ಲೇಟು ಎಂಬ ಏರ್ಪಾಡಿದೆ. ಪ್ಲೇಟಿನ ಅಂಚಿನಲ್ಲಿ 04, ಅದರ ಕೆಳಗೆ 10 ಎಂದಿದ್ದರೆ ಏಪ್ರಿಲ್‌ನಿಂದ ಅಕ್ಟೋಬರ್ ಕೊನೆಯವರೆಗೆ ಮಾತ್ರ ಆ ಕಾರು ರಸ್ತೆಗಿಳಿಯಬಹುದು. ತೆರಿಗೆ, ವಿಮೆ ಎಲ್ಲ ಅಷ್ಟು ತಿಂಗಳಿಗೇ. ಇಂಥ ಕಾರಿಟ್ಟುಕೊಂಡ ಎಷ್ಟೋ ಜರ್ಮನ್ನರು ಹೀಗೆ ಮಾಡಿ, ಚಳಿಗಾಲದಲ್ಲಿ ಕಾರಿಗೆ ಬಟ್ಟೆ ಹೊದಿಸಿ ನೆಮ್ಮದಿಯಾಗಿರುತ್ತಾರೆ. ಆಚಾರ್ಯರಿಗೆ ಇದನ್ನು ಹೇಳಿ ನೋಡಿದೆ. "ಚಳಿಗಾಲದ ಟೈರೇ ಬೇಡ ಅಂದ್ಮೇಲೆ ಪೋರ್ಷೆ ಯಾಕ್ರೀ ಬೇಕು?" ಎಂದರು. ಅವರ ದೃಷ್ಟಿಯಲ್ಲಿ ಕಾರು ಒಂದು ನೆಪ. ಮಿಶೆಲಿನ್ ಪೈಲಟ್ ಆಲ್ಪಿನ್ ಒಣ ರಸ್ತೆಯಲ್ಲಿ ಮೇಲೋ, ಪಿರೆಲ್ಲಿ ಸೊಟ್ಟೊಝೀರೊ ಮೇಲೋ, ಎಡಿಎಸಿ ಎಂಬ ವಾಹನ ಚಾಲಕರ ಸಂಘದವರು ಶರತ್ಕಾಲದಲ್ಲಿ ಪ್ರಕಟಿಸುವ ಪರೀಕ್ಷೆಯಲ್ಲಿ ತಮ್ಮ ಅಳತೆಯ ಟೈರನ್ನು ಏಕೆ ಎತ್ತಿಕೊಳ್ಳಲಿಲ್ಲ, ಇದೇ ಅವರ ಸಂಸಾರ.

ಹೀಗೆ ಆರಿಸಿ, ಅಳೆದು, ತರಿಸಿ, ಜೋಡಿಸಲು ಅಂಗಡಿಗೆ ಫೋನ್ ಮಾಡುವ ಹೊತ್ತಿಗೆ ಊರಿಗೆ ಊರೇ ಮುಹೂರ್ತ ಬುಕ್ ಮಾಡಿ ಮುಗಿಸಿರುತ್ತದೆ. ಸಿಕ್ಕುವುದು ನವೆಂಬರ್ ಕೊನೆ. ಹಾಕಿಸಿಕೊಂಡು ಬಂದು, ಐವತ್ತು ಕಿಲೋಮೀಟರ್ ಓಡಿಸಿ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ, ಕಾರನ್ನು ಗ್ಯಾರೇಜಿನಲ್ಲಿ ನಿಲ್ಲಿಸುತ್ತಾರೆ. ಆಮೇಲೆ ತೆಗೆಯುವುದು ಅಪರೂಪ. ರಸ್ತೆಗೆ ಉಪ್ಪು ಸುರಿದಿದ್ದಾರಲ್ಲ, ಅದು ಕಾರಿನ ತಳಕ್ಕೆ ಒಳ್ಳೆಯದಲ್ಲ. ಆಚಾರ್ಯರು ಕಚೇರಿಗೆ ಹೋಗುವುದು ರೈಲಿನಲ್ಲಿ.

ಕಳೆದ ಜನವರಿಯಲ್ಲಿ ಒಂದು ಬೆಳಿಗ್ಗೆ ಚೆನ್ನಾಗಿ ಹಿಮ ಬಿತ್ತು. ಸ್ಟುಟ್‌ಗಾರ್ಟ್ ಇರುವುದು ಬಟ್ಟಲಿನ ತಳದಂಥ ತಗ್ಗಿನಲ್ಲಿ, ಎತ್ತ ಹೊರಟರೂ ಏರು. ನಾಲ್ಕೈದು ಕಾರು ಅಡ್ಡಡ್ಡ ನಿಂತು ರಸ್ತೆ ಕಟ್ಟಿತ್ತು. ಹಿಮದ ರಸ್ತೆಯಲ್ಲಿ ಸರಿಯಾದ ಟೈರಿಲ್ಲದೆ ಸಿಕ್ಕಿಬಿದ್ದರೆ 60 ಯೂರೊ ದಂಡ, ಫ್ಲೆನ್ಸ್‌ಬುರ್ಗ್‌ನಲ್ಲಿರುವ ಚಾಲಕರ ದಫ್ತರದಲ್ಲಿ ಹೆಸರಿನ ಮುಂದೆ ಒಂದು ಪಾಯಿಂಟ್. ದಾರಿಗೆ ಅಡ್ಡಿಯಾದರೆ ದಂಡ 80. 2024ರ ಅಕ್ಟೋಬರ್‌ನಿಂದ ಮೂರು ಶಿಖರ, ನಡುವೆ ಹಿಮದ ಹರಳು ಇರುವ ಗುರುತಿಲ್ಲದ ಟೈರು ಚಳಿಗಾಲದ ಟೈರೇ ಅಲ್ಲ. ಇದನ್ನೆಲ್ಲ ಆಚಾರ್ಯರು ರೈಲು ರದ್ದಾದ ಕಾರಣ ಹೆಂಡತಿಯ ಸ್ಕೋಡಾದಲ್ಲಿ ಕೂತು ನನಗೆ ಫೋನಿನಲ್ಲಿ ವಿವರಿಸುತ್ತಿದ್ದರು. ಓಡಿಸುತ್ತಿದ್ದವರು ಆಕೆ. ಆ ಕಾರಿನ ಟೈರನ್ನು ಆಕೆ ಅಂಗಡಿಗೆ ಹೋಗಿ "ಈ ಗಾಡಿಗೆ ಯಾವುದು ಒಳ್ಳೇದು?" ಎಂದು ಕೇಳಿ, ಅವನು ತೋರಿಸಿದ್ದನ್ನು ಹಾಕಿಸಿಕೊಂಡು, ಅದೇ ದಾರಿಯಲ್ಲಿ ತರಕಾರಿ ತೆಗೆದುಕೊಂಡು ಬಂದಿದ್ದರು. ಸ್ಕೋಡಾ ಏರನ್ನು ನಿರಾತಂಕವಾಗಿ ಹತ್ತಿತು. "ಟೈರು ಪರವಾಗಿಲ್ಲ ಇದು" ಎಂದು ಆಚಾರ್ಯರು ಪಿಸುಗುಟ್ಟಿದ್ದು ಫೋನಿನಲ್ಲಿ ನನಗೂ ಕೇಳಿಸಿತು, ಪಕ್ಕದಲ್ಲಿ ಓಡಿಸುತ್ತಿದ್ದವರಿಗೂ.

ಇಷ್ಟಾದರೂ ಒಂದು ಮಾತು ಒಪ್ಪಬೇಕು: ಟೈರಿನ ವಿಷಯದಲ್ಲಿ ಅವರು ಹೇಳುವುದು ಒಂದೂ ಸುಳ್ಳಲ್ಲ. ಅವರ ನಾಣ್ಯದ ಪರೀಕ್ಷೆಯಲ್ಲಿ ಫೇಲಾಗಿ ಬೈದುಕೊಂಡೇ ಟೈರು ಬದಲಿಸಿದವರು ಆ ಜನವರಿಯ ಬೆಳಿಗ್ಗೆ ಕಚೇರಿಗೆ ಹೊತ್ತಿಗೆ ಸರಿಯಾಗಿ ತಲುಪಿದರು. ನೀವು ಜರ್ಮನಿಗೆ ಬರುವವರಾದರೆ ನಿಮ್ಮೂರಿನ ಆಚಾರ್ಯರನ್ನು ಹುಡುಕಿ, ಸೆಪ್ಟೆಂಬರಿನಲ್ಲೇ ಕೇಳಿ, ಅಂಗಡಿಯಲ್ಲಿ ದಿನ ಗೊತ್ತುಮಾಡಿಕೊಂಡ ಮೇಲೇ ಕೇಳಿ. ಊಟಕ್ಕೆ ಕರೆದು ಮಾತ್ರ ಕೇಳಬೇಡಿ, ಫೋನಿನಲ್ಲಿ ಕೇಳಿ. ಫೋನಾದರೆ ಇಡಬಹುದು.