ಕಡ್ಡಿಯೋ, ತಿಳಿಯೋ?

ಕನ್ನಡದಲ್ಲಿ ಸ್ಪಷ್ಟವಾಗಿ ಮಾತಾಡಬೇಕೆಂದರೆ ಏನಾದರೊಂದು ಮುರಿಯಲೇಬೇಕು. ಕಡ್ಡಿ ಮುರಿದಂತೆ ಹೇಳುತ್ತೇವೆ, ಖಂಡತುಂಡವಾಗಿ ನಿರಾಕರಿಸುತ್ತೇವೆ, ಮುಖಕ್ಕೆ ಹೊಡೆದಂತೆ ಉತ್ತರ ಕೊಡುತ್ತೇವೆ. ಇದ್ದದ್ದನ್ನು ಇದ್ದಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದಾರೆಂದು ಗಾದೆಯೂ ಎಚ್ಚರಿಸುತ್ತದೆ. ಅಲ್ಲಿಗೆ ಕೊಟ್ಟ ಏಟಿಗೂ ತಿಂದ ಏಟಿಗೂ ಲೆಕ್ಕ ಸಮ. ಮಾತು ತೇಲಿಸುವವನ ಯೋಗ ನೋಡಿ: ಅವನ ಪಾಲಿಗೆ ಅಡ್ಡಗೋಡೆಯ ಮೇಲಿನ ದೀಪ. ಎರಡು ಬದಿಗೂ ಬೆಳಕು, ಹಾವೂ ಸಾಯದು, ಕೋಲೂ ಮುರಿಯದು. ಬೆಳಕೆಲ್ಲ ಮುಸುಕುಮಾತಿಗೆ, ಏಟೆಲ್ಲ ನೇರಮಾತಿಗೆ!

ಆದರೂ ಕಡ್ಡಿಯನ್ನು ಆರಿಸಿದವರು ಪೆದ್ದರಲ್ಲ. ಒಣಕಡ್ಡಿ ಚಟ್ಟನೆ ಎರಡು ತುಂಡಾಗುತ್ತದೆ. ಯಾವುದು ಯಾರ ಕೈಯಲ್ಲಿ ಉಳಿಯಿತೆಂಬ ಅನುಮಾನವೇ ಇಲ್ಲ. ಹಸಿಕಡ್ಡಿ ಬಾಗುತ್ತದೆ, ಬಿರಿಯುತ್ತದೆ, ಕೊನೆಗೆ ಸಿಪ್ಪೆಯ ನಾರು ಹಿಡಿದು ಜೋತಾಡುತ್ತದೆ. ‘ನೋಡೋಣ’, ‘ಆದರೆ ಬರ್ತೀವಿ’, ‘ಪರಿಶೀಲಿಸಲಾಗುವುದು’ ಎಂಬವೆಲ್ಲ ಹಸಿಕಡ್ಡಿಗಳೇ. ಸಕಾಲಕ್ಕೆ ಮುರಿಯದ ಕಡ್ಡಿಯೇ ಮುಂದೆ ಗುಡ್ಡವಾಗುವುದು. ಸಂಸ್ಕೃತದ ‘ಸ್ಪಷ್ಟ’ ಮಾತ್ರ ಕೈ ಮಾಡದ ಸಭ್ಯ. ನೋಡುವುದು ಎಂಬರ್ಥದ ಧಾತುವಿನಿಂದ ಬಂದದ್ದು. ಗೂಢಚಾರನಿಗಿರುವ ‘ಸ್ಪಶ’ ಎಂಬ ಹೆಸರೂ ಅದೇ ಮನೆತನದ್ದು. ದಾಯಾದಿಯ ಗುಣ ತಗುಲಿರಬೇಕು: ‘ಸ್ಪಷ್ಟೀಕರಣ’ ಹೊರಬಿತ್ತೆಂದರೆ, ನಿನ್ನೆಯವರೆಗೆ ಅರ್ಥವಾಗಿದ್ದ ಮಾತು ಇಂದಿನಿಂದ ಅರ್ಥವಾಗುವುದಿಲ್ಲ.

ಹಾಗಾದರೆ ಪೆಟ್ಟಿಲ್ಲದ ಸ್ಪಷ್ಟತೆಗೆ ನಮ್ಮಲ್ಲಿ ಪದವೇ ಇಲ್ಲವೇ ಎಂದು ಕೇಳಬಹುದು. ಇದೆ, ದಿನಾ ಊಟದೆಲೆಗೇ ಬೀಳುತ್ತದೆ: ತಿಳಿ. ಬೇಳೆಯೆಲ್ಲ ತಳಕ್ಕಿಳಿದ ಮೇಲೆ ಮೇಲುಳಿಯುವ ಸಾರೂ ತಿಳಿ, ಅರ್ಥ ಮಾಡಿಕೊಳ್ಳುವುದೂ ತಿಳಿ. ನೀರಿಗಾಗುವುದೇ ತಲೆಗೂ ಆಗಬೇಕೆಂಬುದು ಕನ್ನಡದ ಅಭಿಪ್ರಾಯ. ಕಾವ್ಯಮೀಮಾಂಸೆಯೂ ಇದಕ್ಕೆ ಸಾಕ್ಷಿ: ಸಂಸ್ಕೃತದ ಆಲಂಕಾರಿಕ ದಂಡಿ ಎಣಿಸಿದ 10 ಕಾವ್ಯಗುಣಗಳಲ್ಲಿ ಸುಲಭವಾಗಿ ಅರ್ಥವಾಗುವ ಗುಣದ ಹೆಸರು ಪ್ರಸಾದ, ಎಂದರೆ ತಿಳಿಯಾಗಿರುವುದು. ದಂಡಿಯ ಜಾಡು ಹಿಡಿದ 9ನೇ ಶತಮಾನದ ‘ಕವಿರಾಜಮಾರ್ಗ’ದಿಂದಲೇ ಆ ಪ್ರಸಾದ ನಮಗೆ ಹಂಚಿಕೆಯಾಗುತ್ತಿದೆ, ಕೈಯೊಡ್ಡುವ ಬರಹಗಾರರು ಕಡಿಮೆ, ಅಷ್ಟೆ.

ತಿಳಿಯಾಗುವವರೆಗೆ ಕಾಯುವುದೂ ಒಂದು ಬಗೆಯ ಜಾರುವಿಕೆಯೇ ಅಲ್ಲವೇ ಎಂಬ ಆಕ್ಷೇಪ ಬಂದೀತು. ಅಲ್ಲ. ಗೋಡೆಯ ದೀಪಕ್ಕೆ ಬುಡದಲ್ಲಿ ಕತ್ತಲೆ. ತಿಳಿನೀರಿಗೆ ತಳದ ಕಲ್ಲೂ ಗುಟ್ಟಲ್ಲ. ಕಡ್ಡಿಗೂ ತಿಳಿಗೂ ವ್ಯತ್ಯಾಸವಿದೆ: ಕಡ್ಡಿ ಮುರಿದ ಸದ್ದು ಹೇಳಿದವನ ಹೆಮ್ಮೆಗೆ, ತಿಳಿಯ ಫಲ ಕೇಳಿದವನ ಉಪಯೋಗಕ್ಕೆ. ಅದಕ್ಕೇ ‘ತಿಳಿಹೇಳು’ ಎನ್ನುತ್ತೇವೆಯೇ ಹೊರತು ‘ಕಡ್ಡಿಹೇಳು’ ಎನ್ನುವುದಿಲ್ಲ. ಸಾಲ ಕೇಳಲು ಬಂದವನನ್ನೇ ಪರೀಕ್ಷೆಗೆ ಇಟ್ಟುಕೊಳ್ಳಿ. ‘ಕೊಡಲ್ಲ, ಹೋಗು’ ಎಂದರೆ ಅವನು ಊರಿಗೆಲ್ಲ ಹೇಳಿಕೊಂಡು ಬರುತ್ತಾನೆ. ‘ನೋಡೋಣ, ಬುಧವಾರ ಬಾ’ ಎಂದರೆ ಬುಧವಾರ ಬಂದೇ ಬರುತ್ತಾನೆ. ‘ನನ್ನ ಹತ್ತಿರ ದುಡ್ಡಿಲ್ಲ, ಬುಧವಾರಕ್ಕೂ ಇರಲ್ಲ, ಬೇರೆ ಕಡೆ ಕೇಳಪ್ಪ’ ಎಂದರೆ ಹೊತ್ತು ಮುಳುಗುವ ಮೊದಲೇ ಪಕ್ಕದ ಮನೆ ಸೇರುತ್ತಾನೆ. ಕಡ್ಡಿ ಇಲ್ಲೂ ಮುರಿಯಿತು. ಸದ್ದು ಮಾತ್ರ ಕೇಳಿಸಲಿಲ್ಲ.