ಲಾಂಗ್ ಟರ್ಮ್ ಸಂಸಾರ

ಪಿಯುಸಿ ಮುಗಿಸಿ ಮತ್ತೆ ನೀಟ್ ಬರೆಯುವ ಮಕ್ಕಳಿಗೆ ನಮ್ಮಲ್ಲಿ 'ಲಾಂಗ್ ಟರ್ಮ್‌ನವರು' ಎನ್ನುತ್ತಾರೆ. ಅರ್ಜಿ ಹಾಕುವುದು ಮಗಳೊಬ್ಬಳೇ, ಪರೀಕ್ಷೆಗೆ ಕೂರುವುದು ಮಾತ್ರ ಇಡೀ ಮನೆ. ಟಿವಿಗೆ ಮೌನವ್ರತ. ಕುಕ್ಕರಿಗೂ 'ಮೆತ್ತಗೆ ಕೂಗು' ಎಂಬ ತಾಕೀತು. ಮದುವೆಗೆ ಹೋದರೆ ಎಲೆಗೆ ಉಪ್ಪು ಬೀಳುವ ಮೊದಲೇ ಯಾರದೋ ದೊಡ್ಡಪ್ಪ, 'ಈ ಸಲವಾದರೂ ಸೀಟು ಗ್ಯಾರಂಟಿಯೇನಮ್ಮ?' ಎಂದು ಬಡಿಸಿಯೇ ಬಿಡುತ್ತಾರೆ.

ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಸರಿಯಾದರೆ 4, ತಪ್ಪಾದರೆ 1 ಕಡಿತ. ನಮ್ಮ ಸಿಇಟಿಯಲ್ಲಿ ತಪ್ಪಿಗೆ ದಂಡವಿಲ್ಲ. ಗೊತ್ತಿಲ್ಲದ್ದಕ್ಕೆ ಮನೆದೇವರನ್ನು ನೆನೆದು ಒಂದು ವೃತ್ತ ತುಂಬಬಹುದು. ನೀಟ್ ಎಂದರೆ ಮನೆದೇವರೂ ಹಿಂದೇಟು ಹಾಕುತ್ತಾನೆ.

ಗಾಬರಿಗೆ ಮದ್ದಿಲ್ಲವೆಂದಲ್ಲ. ಮಧ್ಯಾಹ್ನ 2ರಿಂದ 5ರವರೆಗೆ, ಅಸಲಿ ಪರೀಕ್ಷೆಯ ಹೊತ್ತಿಗೇ, ಮನೆಯಲ್ಲಿ ಮಾದರಿ ಪತ್ರಿಕೆ ಬಿಡಿಸಿದರೆ ಊಟದ ನಂತರದ ತೂಕಡಿಕೆಗೂ ಶಿಸ್ತು ಬರುತ್ತದೆ. ಮೊದಲು ಗೊತ್ತಿರುವುದನ್ನು ಮುಗಿಸುವುದು, ಕೈ ನಡುಗಿದರೆ ಪೆನ್ನಿಟ್ಟು ಉಸಿರನ್ನು ನಿಧಾನವಾಗಿ ಬಿಡುವುದು.

ಮಗಳು ಇದನ್ನೆಲ್ಲ ಚೆನ್ನಾಗಿ ಕಲಿತಿರುತ್ತಾಳೆ. ಸಂಜೆ ಹೊರಬಂದವಳು ಕೇಳುವುದು ಮಸಾಲೆದೋಸೆ. ಗೇಟಿನಾಚೆ ಬಿಸಿಲಲ್ಲಿ ನಿಂತು ಬೆವತ ಅಪ್ಪನಿಗೇ ಈಗ ಯಾರಾದರೂ ಉಸಿರಾಟ ಹೇಳಿಕೊಡಬೇಕು.