ಚಹಾ ಕುಡಿಯದ ಮಿಸ್ತ್ರಿ

ನಮ್ಮ ತಿಕೋಟಾದ ಸೋದರಮಾವನಿಗೆ ಎತ್ತು ಮಾರುವುದು ಯಾವ ದಲ್ಲಾಳಿಗೂ ಸುಲಭವಲ್ಲ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ದನಗಳ ನಡುವೆ ಅವನು ಹೊಕ್ಕನೆಂದರೆ ದನಗಳೇ ಬಾಯಿ ಬಿಗಿ ಹಿಡಿಯುತ್ತವೆ. ಮೊದಲು ತುಟಿ ಎತ್ತಿ ಹಲ್ಲು ಎಣಿಸುತ್ತಾನೆ: ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿದೆಯೋ. ಆಮೇಲೆ ಸುಳಿ, ಗೊರಸು, ಹೆಗಲು. ಆಮೇಲೆ ನಡೆಸಿ ನೋಡುತ್ತಾನೆ, ತಾನು ಹಿಂದೆ ನಿಂತು ಒಂದು ಸಲ, ಮುಂದೆ ನಿಂತು ಒಂದು ಸಲ. ಮಾರುವವನು ಕಣ್ಣೊರೆಸಿಕೊಂಡು, “ಮನ್ಯಾಗಿನ ಮಗ ಇದ್ದಂಗ ಐತ್ರಿ” ಎಂದರೆ, “ಮಗನ್ನ ಸಂತಿಗೆ ಯಾಕ ತಂದಿ?” ಎಂದು ಕೇಳುತ್ತಾನೆ.

ದ್ರಾಕ್ಷಿ ಬೆಳೆಯುವವ ಬೇರೆ. ಒಣದ್ರಾಕ್ಷಿ ಬಾಕ್ಸಿನ ಮೇಲಿನ ಪದರ ನೋಡಿ ರೇಟು ಹೇಳುವವರನ್ನು ಕಂಡರೆ ಅವನಿಗೆ ನಗು. ಮೇಲಿನ ಪದರ ಯಾಕಷ್ಟು ಚೆಂದವಿರುತ್ತದೆ ಎಂದು ತುಂಬಿದವನಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು?

ಇಂಥ ಮಾವ ಹಳೆಯ ಕಾರು ಕೊಳ್ಳಲು ವಿಜಯಪುರಕ್ಕೆ ಬಂದ. ಜೊತೆಗೊಂದು ಪರಿಶೀಲನಾ ಸಮಿತಿ. ಒಬ್ಬ ಕಾಕಾ, ಟೈರಿಗೆ ಒದೆಯಲು. (ಒದ್ದರೆ ಏನು ಗೊತ್ತಾಗುತ್ತದೆಂದು ಈವರೆಗೆ ಯಾರೂ ನನಗೆ ಹೇಳಿಲ್ಲ, ಆದರೆ ಒದೆಯದೆ ಯಾರೂ ಕಾರು ಕೊಂಡಿಲ್ಲ.) ಇನ್ನೊಬ್ಬ ಎಂದೋ ಲಾರಿಯಲ್ಲಿ ಕ್ಲೀನರ್ ಆಗಿದ್ದವ, ತಾಂತ್ರಿಕ ಸಲಹೆಗಾರ. ಮಾವನ ಮಗ ಹಾಡಿನ ಸೌಂಡು ಕೇಳಲು. ನಾನು ಊಟದ ಬಿಲ್ಲು ಕೊಡಲು.

ಊರ ಹೊರಗಿನ ಶೆಡ್ಡಿನಲ್ಲಿ ಬಿಳಿಯ ಡೀಸೆಲ್ ಗಾಡಿ ಮದುಮಗನ ಹಾಗೆ ನಿಂತಿತ್ತು. 2017ರ ಮಾಡೆಲ್, ಸಾಂಗಲಿ ಪಾಸಿಂಗ್, ಎಂಎಚ್ 10. ಒಳಗೆ ಮಲ್ಲಿಗೆ ವಾಸನೆ, ಮೀಟರಿನಲ್ಲಿ 41 ಸಾವಿರ. “ಡಾಕ್ಟರ್ ಗಾಡಿ ರೀ ಸಾವ್ಕಾರ್ರ, ಸಿಂಗಲ್ ಓನರ್. ಮನಿಯಿಂದ ದವಾಖಾನಿ, ದವಾಖಾನಿಯಿಂದ ಮನಿ, ಅಷ್ಟ ಓಡೇತಿ,” ಎಂದ ದಲ್ಲಾಳಿ. ಮಾರಾಟಕ್ಕೆ ನಿಂತ ಹಳೆಯ ಕಾರುಗಳೆಲ್ಲ ಡಾಕ್ಟರರವೇ ಆಗಿದ್ದರೆ ಇಷ್ಟೊತ್ತಿಗೆ ನಮ್ಮ ಸೀಮೆಯಲ್ಲಿ ಕೆಮ್ಮು ನೆಗಡಿ ಉಳಿಯುತ್ತಿರಲಿಲ್ಲ. “ಮುನ್ನೂರು ಕಡೆ ಚೆಕ್ ಮಾಡೇವ್ರಿ, ಸರ್ಟಿಫಿಕೇಟ್ ಐತಿ,” ಎಂದೂ ಹೇಳಿದ. ಚೆಕ್ ಮಾಡಿದವರಾರು? ಅವನೇ. ಹೆಣ್ಣಿನ ಗುಣ ಹೆಣ್ಣಿನ ತಾಯಿಯನ್ನೇ ಕೇಳಿದ ಹಾಗಾಯಿತು.

ಅಷ್ಟರಲ್ಲಿ ಬಂತು ಸ್ಪೆಷಲ್ ಚಹಾ, ಮೇಲೆ ಒಂದು ಪ್ಲೇಟು ಭಜಿ. ಸೆಕೆಂಡ್ ಹ್ಯಾಂಡ್ ವ್ಯಾಪಾರದ ಅಸಲಿ ಯಂತ್ರ ಬಾನೆಟ್ಟಿನ ಕೆಳಗಿರುವುದಿಲ್ಲ, ಈ ಕಪ್ಪಿನಲ್ಲಿರುತ್ತದೆ. ನಮ್ಮ ಕಡೆ ಒಬ್ಬನ ಚಹಾ ಕುಡಿದ ಮೇಲೆ ಅವನ ಮಾಲಿಗೆ ಹೆಸರಿಡುವುದು ಮರ್ಯಾದೆಯಲ್ಲ. ಸಮಿತಿ ಎರಡೆರಡು ಕಪ್ಪು ಕುಡಿಯಿತು. ಕಾಕಾ ಟೈರನ್ನು ಮೆತ್ತಗೆ ಒದ್ದ. ಕ್ಲೀನರ್ ಸಾಹೇಬರು, “ಇಂಜಿನ್ ಸಕ್ಕರಿ ಐತಿ” ಎಂದರು. ಮಾವನ ಕೈ ಅಂಗಿಯ ಒಳಜೇಬಿಗೆ ಹೋಯಿತು.

“ಮಾವಾ, ಎತ್ತಿನ ಬಾಯಾಗ ಕೈ ಹಾಕ್ತಿ, ಇದರ ಬಾಯಿ ಯಾರಿಗೂ ತೋರಿಸೂದಿಲ್ಲೇನು?” ಎಂದೆ. ಬಬಲೇಶ್ವರದಲ್ಲಿ ನನಗೆ ಗೊತ್ತಿದ್ದ ಮಿಸ್ತ್ರಿ ಒಬ್ಬನಿದ್ದ, ಅವನಿಗೆ ಫೋನು ಹಚ್ಚಿದೆ. ಅವನ ಕರಾರು ನಾಲ್ಕು: ಸಾವಿರದೈನೂರು ರೂಪಾಯಿ, ಗಾಡಿ ಕೊಂಡರೂ ಅಷ್ಟೇ ಬಿಟ್ಟರೂ ಅಷ್ಟೇ. ದಲ್ಲಾಳಿಯ ಪರಿಚಯದ ಗ್ಯಾರೇಜು ಬೇಡ. ಬೆಳಿಗ್ಗೆ ತಾನು ಬರುವ ಮುಂಚೆ ಯಾರೂ ಗಾಡಿ ಚಾಲು ಮಾಡಬಾರದು. ನಾಲ್ಕನೆಯದು, ಚಹಾ ಕುಡಿಯುವುದಿಲ್ಲ.

“ನಾಕೂವರಿ ಲಾಖದ ಗಾಡಿ ನೋಡಾಕ ಮತ್ತ ಸಾವಿರದೈನೂರ ಯಾಕ?” ಎಂದು ಮಾವ ರಾತ್ರಿಯಿಡೀ ಗೊಣಗಿದ.

ಬೆಳಿಗ್ಗೆ ಬಂದ ಮಿಸ್ತ್ರಿ ಯಾರ ಜೊತೆಯೂ ಮಾತೇ ಆಡಲಿಲ್ಲ, ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ತಣ್ಣಗಿದೆ ಎಂದಾದ ಮೇಲೆ ಚಾಲು ಮಾಡಿಸಿ ಹೊಗೆ ನೋಡಿದ. ನೀಲಿ ಬಂದರೆ ಇಂಜಿನ್ ಆಯಿಲ್ ಸುಡುತ್ತಿದೆ, ಬಿಳಿ ಬಂದು ನಿಲ್ಲದೇ ಹೋದರೆ ಕೂಲಂಟ್ ಒಳಗೆ ಸೋರುತ್ತಿರಬಹುದು. ಬಿಸಿ ಇಂಜಿನ್ನು ಈ ಗುಟ್ಟುಗಳನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟ. ಟಕ್ಕನೆ ನಿಂತಿತು. “ಕ್ಲಚ್ ಪ್ಲೇಟ್ ಛಲೋ ಐತಿ,” ಎಂದ. ದಲ್ಲಾಳಿ ಮೀಸೆ ತಿರುವಿದ.

ಆಮೇಲೆ ಮೊಬೈಲಿನಷ್ಟು ದೊಡ್ಡ ಮೀಟರೊಂದನ್ನು ತೆಗೆದು ಬಾಗಿಲು ಬಾಗಿಲಿಗೆ ಒತ್ತಿದ. ಕಂಪನಿಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಬಲಬಾಗಿಲು 120 ತೋರಿಸಿತು, ಎಡಬಾಗಿಲು 700. “ಒಳಗ ಪುಟ್ಟಿ ಐತ್ರಿ, ಒಂದ ಹೋಳಿಗಿ ದಪ್ಪ.” ಆ ಬಾಗಿಲಿನ ಗಾಜಿನ ಮೂಲೆಯ ಇಸವಿಯ ಗುರುತು ಉಳಿದ ಗಾಜುಗಳದಕ್ಕಿಂತ ಎರಡು ವರ್ಷ ಈಚಿನದು. ಎಡಗಡೆಯ ಬೋಲ್ಟುಗಳ ತಲೆಗೆ ಪಾನಾ ತಾಗಿ ಬಣ್ಣ ಕಿತ್ತಿತ್ತು. ಟೈರಿನ ಮೇಲಿನ ನಾಲ್ಕಂಕಿ ಓದುವುದನ್ನೂ ನನಗೆ ಹೇಳಿಕೊಟ್ಟ: 1424 ಎಂದರೆ 2024ರ 14ನೇ ವಾರದ ಟೈರು. ಕಾಕಾ ಇಷ್ಟು ವರ್ಷ ಆ ಅಂಕಿಗಳನ್ನೇ ಒದೆಯುತ್ತ ಬಂದಿದ್ದ.

ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿದಾಗ ದೋಷ ಒಂದೂ ಬರಲಿಲ್ಲ. ಮಾವ ಹಿಗ್ಗಿದ, ಮಿಸ್ತ್ರಿ ಹಿಗ್ಗಲಿಲ್ಲ. ಗಾಡಿ ತನ್ನನ್ನು ತಾನೇ ತಪಾಸಣೆ ಮಾಡಿಕೊಳ್ಳುವ ಕೆಲಸ ಇನ್ನೂ ಅರ್ಧಕ್ಕೇ ನಿಂತಿದೆ ಎಂದು ಸ್ಕ್ಯಾನರ್ ತೋರಿಸುತ್ತಿತ್ತು. ಅಂದರೆ ಹಳೆಯ ಚಾಡಿಗಳನ್ನೆಲ್ಲ ಯಾರೋ ಮೊನ್ನೆ ಮೊನ್ನೆ ಒರೆಸಿದ್ದಾರೆ, ಇಲ್ಲವೇ ಬ್ಯಾಟರಿ ಕಳಚಿಟ್ಟಿದ್ದಾರೆ. 41 ಸಾವಿರ ಓಡಿದ ಗಾಡಿಯ ಬ್ರೇಕ್ ಪೆಡಲ್ಲಿನ ರಬ್ಬರು ನಮ್ಮ ಅಜ್ಜಿಯ ಅಂಗಾಲಿನಂತೆ ನುಣ್ಣಗಾಗಿತ್ತು.

ಕೊನೆಗೆ ಹಿಂದಿನ ಸೀಟಿನ ಬೆಲ್ಟನ್ನು ಕೊಡದಿಂದ ಹಗ್ಗ ಎಳೆದಂತೆ ಪೂರ್ತಿ ಎಳೆದ. ಕೊನೆಯ ಒಂದು ಗೇಣಿನಲ್ಲಿ ಒಣಗಿದ ರಾಡಿಯ ಗೆರೆ. ಗಾಡಿ ತೊಳೆಯುವವರು ಸೀಟು ತೊಳೆಯುತ್ತಾರೆ, ಕಾರ್ಪೆಟ್ ಬದಲಿಸುತ್ತಾರೆ, ಮಲ್ಲಿಗೆ ಬಾಟಲಿ ಇಡುತ್ತಾರೆ, ಬೆಲ್ಟಿನ ಬುಡಕ್ಕೆ ಅವರ ಕೈ ಹೋಗುವುದಿಲ್ಲ. ಕೃಷ್ಣೆ ಆಲಮಟ್ಟಿಗೆ ಬರುವ ಮೊದಲು ಸಾಂಗಲಿಯ ಓಣಿಗಳನ್ನು ಹೊಕ್ಕು ಬಂದದ್ದು 2019ರ ಆಗಸ್ಟಿನಲ್ಲಿ. ಇದು ಅದೇ ನೀರು ಎಂದು ಬೆಲ್ಟಿನ ಮೇಲೆ ಬರೆದಿರಲಿಲ್ಲ. ಮಿಸ್ತ್ರಿ ಮಾತ್ರ, “ಡಾಕ್ಟರ್ ಗಾಡಿಗೆ ಹೊಳಿ ನೀರು ಕುಡಿಸ್ಯಾರ್ರಿ,” ಎಂದು ಪಾನಾ ಒರೆಸಿಕೊಂಡ.

ಕಾಗದ ನೋಡುವ ಸರದಿ ಬರಲೇ ಇಲ್ಲ, ಬಂದಿದ್ದರೆ ಅದೂ ಒಂದು ಪುರಾಣ. ಹೊಲ ಕೊಳ್ಳುವಾಗ ಉತಾರದ ಮೇಲೆ ಯಾವ ಬ್ಯಾಂಕಿನ ಬೋಜಾ ಇದೆ ಎಂದು ಕನ್ನಡಕ ಹಾಕಿ ಓದುವ ಮಾವನಿಗೆ ಕಾರಿನ ಆರ್‌ಸಿಯ ಮೇಲೂ ಬೋಜಾ ಇರುತ್ತದೆ ಎಂಬುದು ಹೊಸ ಸುದ್ದಿ. ಸಾಲ ತೀರಿದ್ದರೂ ಬ್ಯಾಂಕಿನವರ ಸಹಿಯ 35ನೇ ನಮೂನೆ ಇಲ್ಲದೆ ಅದು ಇಳಿಯುವುದಿಲ್ಲ. ಮೇಲೆ ಮಹಾರಾಷ್ಟ್ರದ ಎನ್‌ಒಸಿ, ನಮ್ಮ ರಾಜ್ಯದ ತೆರಿಗೆ ಬೇರೆ ಕಟ್ಟಿ, ಕೆಎ 28 ಆಗುವತನಕ ಓಡಾಟ.

ವಾಪಸು ಬರುವಾಗ ಮಾವನಿಗೆ ಒಂದು ಕಥೆ ಹೇಳಿದೆ. ಅಮೆರಿಕದಲ್ಲಿ ಕೆಟ್ಟ ಕಾರಿಗೆ ಲಿಂಬೆಹಣ್ಣು ಅನ್ನುತ್ತಾರೆ. ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞ 1970ರಲ್ಲಿ ಇದರ ಮೇಲೆಯೇ ಒಂದು ಲೇಖನ ಬರೆದ, 2001ರಲ್ಲಿ ನೊಬೆಲ್ ಹಂಚಿಕೊಂಡ. ಅವನ ಲೆಕ್ಕ ಸಂತೆಯ ಲೆಕ್ಕವೇ: ಒಳಗಿನದು ಮಾರುವವನಿಗಷ್ಟೇ ಗೊತ್ತು. ಕೊಳ್ಳುವವನು ಹೆದರಿ ನಡುವಿನ ರೇಟು ಹೇಳುತ್ತಾನೆ. ಆ ರೇಟಿಗೆ ಒಳ್ಳೆಯ ಗಾಡಿಯವನು ಮನೆಗೆ ಹೋಗುತ್ತಾನೆ, ಲಿಂಬೆಯವನು ಅಲ್ಲೇ ಕೂರುತ್ತಾನೆ.

“ಲಿಂಬಿಗೆ ಯಾಕ ಹೆಸರ ಇಡ್ತಾರೊ?” ಎಂದು ಮಾವ ಸಿಟ್ಟಾದ. ಸರಿಯೇ, ಇಂಡಿ ಲಿಂಬೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಇರುವ ಜಿಲ್ಲೆ ನಮ್ಮದು. ಅಲ್ಲಿ ಲಿಂಬೆ ಕಂಡರೆ ಕಾರು ಬಿಟ್ಟು ಓಡುತ್ತಾರೆ, ಇಲ್ಲಿ ಅದನ್ನೇ ಗಾಲಿಯ ಕೆಳಗಿಟ್ಟು ಕಾರು ಹೊರಡಿಸುತ್ತೇವೆ.

ಮಾಲಿನ ಒಳಗುಟ್ಟು ಗೊತ್ತಿಲ್ಲದಾಗ ರೇಟು ಹೇಗೆ ಹಾರಾಡುತ್ತದೆ ಎಂಬುದಕ್ಕೆ ನಮ್ಮ ವಿಜಯಪುರದ ಮಲಿಕ್-ಎ-ಮೈದಾನ್ ತೋಪೇ ಸಾಕ್ಷಿ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದು ಆಮೇಲೆ ಇಲ್ಲಿಗೆ ಬಂದದ್ದು, ಅಂದರೆ ಅದೂ ಸೆಕೆಂಡ್ ಹ್ಯಾಂಡೇ. ಸುಮಾರು 55 ಟನ್ ತೂಕದ ಆ ತೋಪನ್ನು ಬ್ರಿಟಿಷರು 1854ರಲ್ಲಿ ಹರಾಜಿಗೆ ಇಟ್ಟಾಗ ಎದ್ದ ದೊಡ್ಡ ಕೂಗು 150 ರೂಪಾಯಿ. ಪುಣ್ಯಕ್ಕೆ ಮಾರಾಟ ರದ್ದಾಯಿತು. ಯಾವ ಕಾಕಾ ಒದ್ದು ನೋಡಿದ್ದನೋ.

ಎರಡು ತಿಂಗಳ ಮೇಲೆ ಮಾವ ಬೇರೊಂದು ಕಾರು ಕೊಂಡ, ಮಿಸ್ತ್ರಿ ಹೂಂ ಅಂದ ಮೇಲೆ. ಇನ್ನು ಮನೆಯ ಮುಂದಿನ ಹಳೆಯದನ್ನು ಮಾರಬೇಕು. ಬಬಲೇಶ್ವರದ ಕಡೆಯಿಂದ ಒಂದು ಗಿರಾಕಿ ಬಂದಿತು. ಬೆಳಿಗ್ಗೆ ಆರೂವರೆಗೆ ಅವರ ಗಾಡಿಯಿಂದ ಇಳಿದವನನ್ನು ನೋಡಿ ಮಾವನ ಮುಖ ಸಣ್ಣದಾಯಿತು. ಅದೇ ಮಿಸ್ತ್ರಿ.

ನೇರ ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟ. “ಸಾವ್ಕಾರ್ರ, ಗಾಡಿಗೆ ಜ್ವರ ಬಂದಾವೇನ್ರಿ?”

“ಥಂಡಿ ಭಾಳ ಇತ್ತಲ್ಲೊ, ಸುಮ್ನ ಐದಕ್ಕ ಒಂದೀಟ ಚಾಲು ಮಾಡಿದ್ದೆ,” ಎಂದ ಮಾವ. ಒಳಗೆ ತಿರುಗಿ ಕೂಗಿದ: “ಏ, ಮಿಸ್ತ್ರಿಗೆ ಗಟ್ಟಿ ಹಾಲಿನ ಚಹಾ ಮಾಡ್ರಿ!”

ಮಿಸ್ತ್ರಿ ಟವೆಲ್ ಹಾಸಿಕೊಂಡು ಕಟ್ಟೆಯ ಮೇಲೆ ಕುಳಿತ. “ಗಾಡಿ ಆರೂತನಕ ಕೂಡ್ತೀನ್ರಿ. ಚಹಾ ಬ್ಯಾಡ.”